ಸೀಕ್ವೆನ್ಸರ್ ಬಂದ ಮೇಲಿನ ಕೆಲಸ: ಲ್ಯಾಬ್ ಸಿಬ್ಬಂದಿಗೆ ಜೀನೋಮ್ ಕಣ್ಗಾವಲಿನ ತರಬೇತಿ

ಮೆಡಿಕಲ್ ಕಾಲೇಜಿನ ಮೈಕ್ರೋಬಯಾಲಜಿ ವಿಭಾಗಕ್ಕೆ ಸೀಕ್ವೆನ್ಸರ್, ಅಂದರೆ ರೋಗಾಣುವಿನ ಜೀನೋಮನ್ನು (ಇಡೀ ವಂಶವಾಹಿ ಬರಹವನ್ನು) ಅಕ್ಷರ ಅಕ್ಷರವಾಗಿ ಓದುವ ಯಂತ್ರ, ಬರುತ್ತದೆ. ಕಂಪನಿಯವರು ಎರಡು ಮೂರು ದಿನ ಡೆಮೊ ಕೊಡುತ್ತಾರೆ. ಅವರೇ ತಂದ ಸ್ಯಾಂಪಲ್ ಅವರೇ ತಂದ ಕಿಟ್‌ನಲ್ಲಿ ಸೊಗಸಾಗಿ ಓಡುತ್ತದೆ. ಸರ್ಟಿಫಿಕೇಟ್ ಹಂಚಿ, ಗ್ರೂಪ್ ಫೋಟೊ ತೆಗೆಸಿಕೊಂಡು ಅವರು ಹೊರಟ ಮೇಲೆ ವಿಭಾಗದ ಮುಖ್ಯಸ್ಥರ ಪಾಲಿಗೆ ಉಳಿಯುವುದು ಯಂತ್ರ, ಅರ್ಧ ಖಾಲಿಯಾದ ಕಿಟ್ ಮತ್ತು ‘ನಾಳೆಯಿಂದ ನೀವೇ ಮಾಡಿ’ ಎಂಬ ಮಾತು. ಈ ಬರಹ ಆ ನಾಳೆಯ ಬಗ್ಗೆ. ವಿಆರ್‌ಡಿಎಲ್‌ನಂಥ ವೈರಾಣು ಪತ್ತೆ ಲ್ಯಾಬ್‌ಗಳಲ್ಲಿ ಪಿಸಿಆರ್ (ವಂಶವಾಹಿಯ ತುಣುಕಿಗೆ ಕೋಟಿಗಟ್ಟಲೆ ಪ್ರತಿ ಮಾಡಿ ಪತ್ತೆಹಚ್ಚುವ ವಿಧಾನ) ಚೆನ್ನಾಗಿ ಬಲ್ಲ ಟೆಕ್ನಿಷಿಯನ್‌ಗಳನ್ನೂ ಕಿರಿಯ ವಿಜ್ಞಾನಿಗಳನ್ನೂ ಜೀನೋಮ್ ಕಣ್ಗಾವಲಿಗೆ (ರೋಗಾಣುಗಳ ಜೀನೋಮ್ ಓದುತ್ತ ಹರಡುವ ತಳಿಗಳ ಮೇಲೆ ಕಣ್ಣಿಡುವುದಕ್ಕೆ) ಅಣಿ ಮಾಡಬೇಕಾದವರಿಗಾಗಿ ಬರೆದದ್ದು.

2021ರ ನವೆಂಬರ್ 25ರಂದು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಕೊರೊನಾ ವೈರಾಣುವಿನ ಹೊಸ ತಳಿಯ ಸುದ್ದಿ ಕೊಟ್ಟರು. ಮರುದಿನ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಓಮೈಕ್ರಾನ್ ಎಂದು ಹೆಸರಿಟ್ಟಿತು. ಡಿಸೆಂಬರ್ 2ಕ್ಕೆ ಭಾರತದ ಮೊದಲ ಎರಡು ಪ್ರಕರಣಗಳು ಕರ್ನಾಟಕದಲ್ಲಿ ಪತ್ತೆಯಾದ ಸುದ್ದಿ ಬಂತು. ಆ ಇಬ್ಬರಲ್ಲಿ ಒಬ್ಬರು ವಿದೇಶಕ್ಕೆ ಹೋಗಿಯೇ ಇರಲಿಲ್ಲ. ವಿಮಾನ ನಿಲ್ದಾಣದಲ್ಲಷ್ಟೇ ಹುಡುಕುತ್ತ ಕೂತಿದ್ದರೆ ಆ ಎರಡನೆಯದು ಸಿಗುತ್ತಿರಲಿಲ್ಲ. 2020ರ ಡಿಸೆಂಬರ್‌ನಲ್ಲಿ ಶುರುವಾದ ಇನ್ಸಾಕಾಗ್ ಎಂಬ, ಕೊರೊನಾ ಜೀನೋಮ್ ಕಣ್ಗಾವಲಿನ ರಾಷ್ಟ್ರೀಯ ಜಾಲದ ಮೊದಲ ಹತ್ತು ಲ್ಯಾಬ್‌ಗಳಲ್ಲಿ ಎರಡು, ನಿಮ್ಹಾನ್ಸ್ ಮತ್ತು ಇನ್‌ಸ್ಟೆಮ್, ಬೆಂಗಳೂರಿನವೇ ಆಗಿದ್ದವು. ಅಂಥ ಸಾಮರ್ಥ್ಯ ಬೆಂಗಳೂರು ದಾಟಿ ಜಿಲ್ಲೆಗಳಿಗೆ ಬರಬೇಕಾದರೆ ಯಂತ್ರಕ್ಕಿಂತ ಮೊದಲು ಜನ ತಯಾರಾಗಬೇಕು.

ಸೀಕ್ವೆನ್ಸಿಂಗ್ ಮಾಡಿಸುವುದನ್ನು ಒಂದು ವಾರದಲ್ಲಿ ಕಲಿಸಬಹುದು. ಬಂದ ಜೀನೋಮನ್ನು ನೋಡಿ ‘ಇದನ್ನು ನಾವು ವರದಿ ಮಾಡುವುದಿಲ್ಲ’ ಎಂದು ಹೇಳುವ ಧೈರ್ಯವನ್ನೂ ಅದಕ್ಕೆ ಬೇಕಾದ ಕಣ್ಣನ್ನೂ ಕಲಿಸಲು ತಿಂಗಳುಗಳೇ ಬೇಕು. ಕೆಳಗಿನ ಹೆಜ್ಜೆಗಳೆಲ್ಲ ಆ ಎರಡನೆಯದಕ್ಕಾಗಿ.

ಹೆಜ್ಜೆ 1: ಪ್ರಶ್ನೆ ಗೊತ್ತುಮಾಡಿ, ಆಮೇಲೆ ರೋಗಾಣು ಆರಿಸಿ

ತರಬೇತಿಯ ಮೊದಲ ದಿನ ಪಿಪೆಟ್ ಮುಟ್ಟಿಸಬೇಡಿ. ಬೋರ್ಡ್ ಮೇಲೆ ಒಂದು ಪ್ರಶ್ನೆ ಬರೆಯಿಸಿ: ನಮ್ಮ ಜಿಲ್ಲೆಯಲ್ಲಿ ಈ ವರ್ಷ ಹರಡುತ್ತಿರುವ ಡೆಂಗಿ ಯಾವ ಸೀರೋಟೈಪ್ (ವೈರಾಣುವಿನ ನಾಲ್ಕು ಬಗೆಗಳಲ್ಲಿ ಯಾವುದು)? ಹೋದ ವರ್ಷದ್ದೇ ಮುಂದುವರಿದಿದೆಯೇ, ಹೊರಗಿನಿಂದ ಬಂದದ್ದೇ? ಈ ಉತ್ತರ ಸಿಕ್ಕರೆ ಯಾರು, ಏನನ್ನು ಬೇರೆ ರೀತಿ ಮಾಡುತ್ತಾರೆ? ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ನೀವು ಮಾಡುತ್ತಿರುವುದು ಸಂಶೋಧನೆ. ತಪ್ಪೇನಿಲ್ಲ, ಆದರೆ ಅದನ್ನು ಕಣ್ಗಾವಲು ಎನ್ನಬೇಡಿ.

ಕಲಿಕೆಗೆ ಎಲ್ಲ ರೋಗಾಣುಗಳೂ ಹೊಂದುವುದಿಲ್ಲ. ಕೊರೊನಾ ವೈರಾಣುವಿನ ಜೀನೋಮ್ ಸುಮಾರು 29,900 ಬೇಸ್‌ಗಳದ್ದು, ಅಂದರೆ ಅಷ್ಟು ಅಕ್ಷರಗಳದ್ದು. ಅದಕ್ಕೆ ಬೇಕಾದ ಪ್ರೈಮರ್ (ಪ್ರತಿ ಮಾಡಬೇಕಾದ ತುಣುಕಿನ ಅಂಚಿಗೆ ಅಂಟುವ ಚಿಕ್ಕ ಡಿಎನ್‌ಎ ಚೂರು), ಪ್ರೋಟೊಕಾಲ್, ತಂತ್ರಾಂಶ ಎಲ್ಲವೂ ಪಳಗಿವೆ, ಹೋಲಿಸಿ ನೋಡಲು ಬೇಕಾದಷ್ಟು ಸಾರ್ವಜನಿಕ ದತ್ತಾಂಶವಿದೆ. ಪಿಸಿಆರ್ ಮುಗಿದು ಡೀಪ್ ಫ್ರೀಜರ್‌ನಲ್ಲಿ ಉಳಿದ ಆರ್‌ಎನ್‌ಎಯಿಂದಲೇ ಶುರುಮಾಡಬಹುದು. ಡೆಂಗಿಯ ಜೀನೋಮ್ ಇನ್ನೂ ಚಿಕ್ಕದು, 10,700 ಬೇಸ್‌ಗಳ ಆಸುಪಾಸು. ಆದರೆ ನಾಲ್ಕು ಸೀರೋಟೈಪ್‌ಗಳು ಒಂದರಿಂದೊಂದು ಎಷ್ಟು ದೂರ ಎಂದರೆ ಒಂದರ ಪ್ರೈಮರ್ ಇನ್ನೊಂದಕ್ಕೆ ಕೂರುವುದು ಕಷ್ಟ. ಹಾಗಾಗಿ ಮೊದಲು ಸೀರೋಟೈಪಿಂಗ್, ಆಮೇಲೆ ಸೀಕ್ವೆನ್ಸಿಂಗ್. ಇನ್ನೊಂದು ತೊಡಕು: ಜ್ವರ ಬಂದು ಐದಾರು ದಿನ ಕಳೆದ ರೋಗಿಯ ರಕ್ತದಲ್ಲಿ ಐಜಿಎಂ ಪ್ರತಿಕಾಯ ಸಿಗಬಹುದು, ವೈರಾಣುವಿನ ಆರ್‌ಎನ್‌ಎ ಸಿಗುವುದು ಅನುಮಾನ. ಜ್ವರದ ಮೊದಲ ದಿನಗಳಲ್ಲಿ ತೆಗೆದ, ಎನ್‌ಎಸ್1 (ಡೆಂಗಿ ವೈರಾಣುವಿನ ಪ್ರೋಟೀನ್) ಪಾಸಿಟಿವ್ ಬಂದ ಸ್ಯಾಂಪಲ್‌ಗಳನ್ನೇ ಆರಿಸಲು ಕಲಿಸಿ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿದೆ. ಅಭ್ಯಾಸಕ್ಕೂ ಉಪಯೋಗಕ್ಕೂ ಎರಡನೇ ಹಂತದಲ್ಲಿ ಇದೇ ಸರಿಯಾದ ಆಯ್ಕೆ.

ಕ್ಷಯದ ಬ್ಯಾಕ್ಟೀರಿಯಾ 44 ಲಕ್ಷ ಬೇಸ್‌ಗಳದ್ದು, ಹೆಚ್ಚಿನ ಸಲ ಕಲ್ಚರ್ ಬೇಕಾಗುತ್ತದೆ. ಅದು ಬೇರೆಯೇ ತರಬೇತಿ. ಇನ್ನು ಮಲೆನಾಡಿನ ಲ್ಯಾಬ್‌ಗಳಿಗೆ ಸಹಜವಾಗಿ ಮಂಗನ ಕಾಯಿಲೆಯತ್ತ ಮನಸ್ಸು ಹೋಗುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ವೈರಾಣು, ನಮ್ಮದೇ ಸಮಸ್ಯೆ. ಆದರೆ ಲ್ಯಾಬ್‌ನಲ್ಲಿ ಕೆಲಸ ಮಾಡಿದವರಿಗೇ ಸೋಂಕು ತಗುಲಿದ ಚರಿತ್ರೆ ಅದಕ್ಕಿದೆ. ಜೀವಂತ ವೈರಾಣುವನ್ನು ಉನ್ನತ ಮಟ್ಟದ ಜೈವಿಕ ಸುರಕ್ಷತೆ ಇಲ್ಲದೆ ಮುಟ್ಟುವಂತಿಲ್ಲ. ಕಲಿಯುವ ಕೈಗಳಿಗೆ ಅದು ಬೇಡ. ನಿಷ್ಕ್ರಿಯಗೊಳಿಸಿ ತೆಗೆದ ಆರ್‌ಎನ್‌ಎ ಅಧಿಕೃತ ಲ್ಯಾಬ್‌ನಿಂದ ಬಂದರೂ, ತಂಡ ಡೆಂಗಿಯಲ್ಲಿ ಪಳಗಿದ ಮೇಲೆ ನೋಡೋಣ ಎನ್ನಿ.

ಹೆಜ್ಜೆ 2: ಒಂದು ಕುರ್ಚಿಗೆ ಇಬ್ಬರು

ಒಬ್ಬರೇ ಬುದ್ಧಿವಂತರನ್ನು ಆರಿಸಿ ಹೊರಗೆ ತರಬೇತಿಗೆ ಕಳಿಸುವುದು ನಮ್ಮಲ್ಲಿ ರೂಢಿ. ಅವರು ಕಲಿತು ಬರುತ್ತಾರೆ, ಮಾರ್ಚ್‌ಗೆ ಪ್ರಾಜೆಕ್ಟ್ ಮುಗಿಯುತ್ತದೆ, ಗುತ್ತಿಗೆ ನವೀಕರಣ ಆಗುವುದಿಲ್ಲ, ಬೆಂಗಳೂರಿನ ಯಾವುದೋ ಕಂಪನಿ ದುಪ್ಪಟ್ಟು ಸಂಬಳ ಕೊಟ್ಟು ಕರೆದುಕೊಳ್ಳುತ್ತದೆ. ಕಲಿತವರನ್ನು ದೂರಿ ಫಲವಿಲ್ಲ. ಪ್ರತಿ ಕೆಲಸಕ್ಕೂ ಇಬ್ಬರನ್ನು ತಯಾರು ಮಾಡಿ, ಅವರಲ್ಲಿ ಒಬ್ಬರಾದರೂ ಕಾಯಂ ನೌಕರರಾಗಿರಲಿ.

ಬೇಕಾದ ಕುರ್ಚಿಗಳು ನಾಲ್ಕು. ಬೆಂಚಿನ ಕೆಲಸಕ್ಕೆ ಟೆಕ್ನಿಷಿಯನ್, ಇಡೀ ರನ್‌ನ (ಯಂತ್ರದಲ್ಲಿ ಒಂದು ಸಲಕ್ಕೆ ಓಡಿಸುವ ಸ್ಯಾಂಪಲ್‌ಗಳ ಕಂತಿನ) ಗುಣಮಟ್ಟಕ್ಕೆ ಹೊಣೆಯಾಗುವ ವಿಜ್ಞಾನಿ, ದತ್ತಾಂಶ ನೋಡುವವರು, ನಾಲ್ಕನೆಯದಾಗಿ ಕ್ಷೇತ್ರದ ಕಡೆಯವರು, ಅಂದರೆ ಜಿಲ್ಲಾ ಸರ್ವೇಕ್ಷಣಾಧಿಕಾರಿ ಅಥವಾ ಅವರ ಕಚೇರಿಯ ಎಪಿಡೆಮಿಯಾಲಜಿಸ್ಟ್. ನಾಲ್ಕನೆಯವರನ್ನು ಉದ್ಘಾಟನೆಗೆ ಮಾತ್ರ ಕರೆಯುವ ತರಬೇತಿಗಳೇ ಹೆಚ್ಚು. ಮೊದಲ ದಿನದ ಪ್ರಶ್ನೆ ಬರೆಯುವಾಗಲೂ ಕೊನೆಯ ದಿನ ವರದಿ ಓದುವಾಗಲೂ ಅವರು ಎದುರಿಗಿರಲಿ.

ಬಯೋಟೆಕ್ನಾಲಜಿ ಪಿಎಚ್‌ಡಿಯೇ ಆಗಬೇಕೆಂದಿಲ್ಲ. ಹತ್ತು ವರ್ಷ ಬೆಂಚಿನಲ್ಲಿ ನಿಂತ ಡಿಎಂಎಲ್‌ಟಿ (ಲ್ಯಾಬ್ ತಂತ್ರಜ್ಞಾನದ ಡಿಪ್ಲೊಮಾ) ಟೆಕ್ನಿಷಿಯನ್ ಲೈಬ್ರರಿ ತಯಾರಿಯಲ್ಲಿ (ಡಿಎನ್‌ಎಯನ್ನು ಯಂತ್ರ ಓದುವಂತೆ ಸಜ್ಜುಗೊಳಿಸುವುದರಲ್ಲಿ) ಹೊಸದಾಗಿ ಬಂದ ಡಾಕ್ಟರೇಟ್‌ಗಿಂತ ಅಚ್ಚುಕಟ್ಟಾಗಿ ಕೆಲಸ ಮಾಡುವುದು ಸಾಮಾನ್ಯ. ಎಸ್‌ಒಪಿ (ಕೆಲಸದ ಲಿಖಿತ ಕ್ರಮ) ಇಂಗ್ಲಿಷ್‌ನಲ್ಲೇ ಇರಲಿ, ಆಡಿಟ್‌ಗೆ ಅದೇ ಬೇಕು. ಆದರೆ ಹುಡ್‌ನ ಗಾಜಿಗೆ ಅಂಟಿಸುವ ಎಂಟು ಸಾಲಿನ ನೆನಪಿನ ಚೀಟಿ ಕನ್ನಡದಲ್ಲಿರಲಿ, ಅದನ್ನು ಬರೆಯುವವರೂ ಆ ಟೆಕ್ನಿಷಿಯನ್ನೇ ಆಗಿರಲಿ.

ಹೆಜ್ಜೆ 3: ಕೋಣೆಗಳು, ಕೈಗಳು, ಮಾಲಿನ್ಯ

ಈ ಹೆಜ್ಜೆಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಸಾಮಾನ್ಯ ಆರ್‌ಟಿ-ಪಿಸಿಆರ್‌ನಲ್ಲಿ ಟ್ಯೂಬ್ ಮುಚ್ಚಿದ ಮೇಲೆ ಮತ್ತೆ ತೆರೆಯುವುದಿಲ್ಲ. ಫಲಿತಾಂಶ ನೋಡಿ ಹಾಗೆಯೇ ಬಿಸಾಡುತ್ತೇವೆ. ಆಂಪ್ಲಿಕಾನ್ (ಪಿಸಿಆರ್‌ನಲ್ಲಿ ವೃದ್ಧಿಸಿದ ತುಣುಕು) ಸೀಕ್ವೆನ್ಸಿಂಗ್‌ನಲ್ಲಿ ಮೂವತ್ತೈದು ಸೈಕಲ್ ವೃದ್ಧಿಸಿದ ಟ್ಯೂಬನ್ನು ತೆರೆಯಲೇಬೇಕು, ಅದರೊಳಗೆ ಕೋಟಿಗಟ್ಟಲೆ ಪ್ರತಿಗಳಿರುತ್ತವೆ. ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿದರೆ ಘಾಟು ಹಜಾರದಲ್ಲಿ ಕೂತವರಿಗೂ ಕೆಮ್ಮು ತರಿಸುವ ಹಾಗೆ, ಆ ತುಣುಕುಗಳು ಪಿಪೆಟ್, ಗ್ಲೌಸ್, ಬಾಗಿಲ ಹಿಡಿ, ಪೆನ್ನು ಎಲ್ಲದಕ್ಕೂ ಹೋಗಿ ಕೂರುತ್ತವೆ. ಮುಂದಿನ ವಾರದ ಸ್ಯಾಂಪಲ್‌ನಲ್ಲಿ ಹಿಂದಿನ ವಾರದ ವೈರಾಣು ಸಿಗುವುದು ಹೀಗೆ. ಪಿಸಿಆರ್ ಚೆನ್ನಾಗಿ ಬಲ್ಲವರೇ ಇಲ್ಲಿ ಎಡವುತ್ತಾರೆ, ಏಕೆಂದರೆ ಅವರ ಹಳೆಯ ಅಭ್ಯಾಸಗಳು ಮುಚ್ಚಿದ ಟ್ಯೂಬಿನವು.

ಕೆಲಸ ಒಂದೇ ದಿಕ್ಕಿನಲ್ಲಿ ಸಾಗಬೇಕು. ರೀಜೆಂಟ್ ಬೆರೆಸುವ ಜಾಗ, ಆರ್‌ಎನ್‌ಎ ತೆಗೆಯುವ ಜಾಗ, ಟೆಂಪ್ಲೇಟ್ (ಪ್ರತಿ ಮಾಡಬೇಕಾದ ಮೂಲ) ಸೇರಿಸುವ ಜಾಗ, ಪಿಸಿಆರ್ ನಂತರದ ಜಾಗ. ನಾಲ್ಕು ಕೋಣೆ ಇಲ್ಲದಿದ್ದರೂ ಪಿಸಿಆರ್ ಮುಂಚಿನದಕ್ಕೂ ನಂತರದ್ದಕ್ಕೂ ಎರಡು ಕೋಣೆ ಇರಲೇಬೇಕು. ಅದೂ ಇಲ್ಲ ಎನ್ನುವ ಲ್ಯಾಬ್‌ಗೆ ಸೀಕ್ವೆನ್ಸರ್ ಕೊಡುವುದು ದುಡ್ಡು ದಂಡ. ಪಿಪೆಟ್‌ಗಳಿಗೆ ಬಣ್ಣದ ಟೇಪ್ ಸುತ್ತಿ, ಏಪ್ರನ್‌ಗಳಿಗೂ ಅದೇ ಬಣ್ಣ. ಪಿಸಿಆರ್ ನಂತರದ ಕೋಣೆಯ ಕೆಂಪು ಟೇಪಿನ ಪಿಪೆಟ್ ಕ್ಲೀನ್ ರೂಮಿನಲ್ಲಿ ಕಂಡರೆ ಆ ದಿನದ ಕೆಲಸ ನಿಲ್ಲಬೇಕು, ಮುಖ್ಯಸ್ಥರೇ ತಂದಿದ್ದರೂ.

ಉಪನ್ಯಾಸಕ್ಕಿಂತ ಚೆನ್ನಾಗಿ ಕಲಿಸುವ ಒಂದು ಅಭ್ಯಾಸವಿದೆ. ಅಂಗಡಿಯಲ್ಲಿ ಸಿಗುವ ಟಾನಿಕ್ ವಾಟರ್ ತನ್ನಿ. ಅದರಲ್ಲಿರುವ ಕ್ವಿನೈನ್ ಅತಿನೇರಳೆ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ. ಗ್ಯಾಸ್ ಹೋಗುವವರೆಗೆ ತೆರೆದಿಟ್ಟು, ಅದನ್ನೇ ‘ಪಿಸಿಆರ್ ಪ್ರಾಡಕ್ಟ್’ ಎಂದು ಕೊಟ್ಟು, ಒಂದು ಪ್ಲೇಟ್‌ನಿಂದ ಇನ್ನೊಂದಕ್ಕೆ ಎಂದಿನ ವೇಗದಲ್ಲಿ ವರ್ಗಾಯಿಸಲು ಹೇಳಿ. ಮುಗಿದ ಮೇಲೆ ದೀಪ ಆರಿಸಿ ಯುವಿ ಟಾರ್ಚ್ ಹಿಡಿಯಿರಿ. ಎಡಗೈ ಹೆಬ್ಬೆರಳ ತುದಿ ಹೊಳೆಯುತ್ತಿರುತ್ತದೆ, ಟ್ಯೂಬಿನ ಮುಚ್ಚಳ ತೆರೆದದ್ದು ಆ ಬೆರಳೇ. ಟಿಪ್ ಬಾಕ್ಸಿನ ಅಂಚಿನಲ್ಲಿ ಚುಕ್ಕೆಗಳು. ಮಾರ್ಕರ್ ಪೆನ್ನಿನ ಮೇಲೊಂದು ಗೆರೆ. ಕೆಲವೊಮ್ಮೆ ಕನ್ನಡಕದ ಕಾಲಿನ ಮೇಲೂ. ಅದೇ ಕೆಲಸವನ್ನು ಮತ್ತೆ ಮಾಡಿಸಿ: ಟ್ಯೂಬನ್ನು ಸ್ಪಿನ್ ಮಾಡಿ ತೆರೆಯುವುದು, ಮುಚ್ಚಳದ ಒಳಭಾಗ ಮುಟ್ಟದಿರುವುದು, ಟಿಪ್ ಅನ್ನು ಪ್ಲೇಟಿನ ತೆರೆದ ಗುಳಿಗಳ ಮೇಲಿನಿಂದ ಒಯ್ಯದಿರುವುದು, ಗ್ಲೌಸ್ ಬದಲಿಸುವುದು. ಚುಕ್ಕೆಗಳು ಕಡಿಮೆಯಾಗುವುದು ಅವರ ಕಣ್ಣಿಗೇ ಕಾಣುತ್ತದೆ.

ಇದರ ಜೊತೆಗೆ ನೆಗೆಟಿವ್ ಕಂಟ್ರೋಲ್, ಅಂದರೆ ಏನೂ ಸಿಗಬಾರದ ಸ್ಯಾಂಪಲ್. ಪ್ರತಿ ರನ್‌ನಲ್ಲೂ ಎರಡು ಬೇಕು: ಆರ್‌ಎನ್‌ಎ ತೆಗೆಯುವ ಹಂತದಿಂದಲೇ ಜೊತೆಗೆ ಬಂದ ಖಾಲಿ ಸ್ಯಾಂಪಲ್ ಒಂದು, ಪಿಸಿಆರ್‌ನಲ್ಲಿ ಬರೀ ನೀರು ಹಾಕಿದ್ದು ಒಂದು. ಜೆಲ್‌ನಲ್ಲಿ ಬ್ಯಾಂಡ್ ಕಾಣಲಿಲ್ಲ ಎಂದು ಅಲ್ಲಿಗೇ ಕೈಬಿಡುವಂತಿಲ್ಲ. ಇವಕ್ಕೂ ಬಾರ್‌ಕೋಡ್ (ಯಾವ ಸ್ಯಾಂಪಲ್‌ನದೆಂದು ಗುರುತಿಸುವ ಡಿಎನ್‌ಎ ಚೂರು) ಕೊಟ್ಟು ಕೊನೆಯವರೆಗೆ ಸೀಕ್ವೆನ್ಸ್ ಮಾಡಬೇಕು. ಪ್ಲೇಟಿನ ಮೂಲೆಯಲ್ಲೇ ಯಾವಾಗಲೂ ಇಡಬೇಡಿ, ಒಂದೊಂದು ರನ್‌ಗೆ ಒಂದೊಂದು ಜಾಗ. ನೆಗೆಟಿವ್‌ನಲ್ಲಿ ಜೀನೋಮಿನ ಎಷ್ಟು ಭಾಗ ಓದಿಗೆ ಸಿಕ್ಕರೆ ಇಡೀ ರನ್ ತಿರಸ್ಕರಿಸಬೇಕು ಎಂಬ ಮಿತಿಯನ್ನು ರನ್‌ಗೆ ಮುಂಚೆಯೇ ಬರೆದು ಸಹಿ ಹಾಕಿಸಿ. ಫಲಿತಾಂಶ ಬಂದ ಮೇಲೆ ಮಿತಿ ಗೊತ್ತುಮಾಡುವ ಲ್ಯಾಬ್‌ನಲ್ಲಿ ಯಾವ ರನ್ನೂ ಫೇಲ್ ಆಗುವುದಿಲ್ಲ.

ಹೆಜ್ಜೆ 4: ಬೆಂಚಿನ ಕೆಲಸ

ಪಿಪೆಟ್ ಪರೀಕ್ಷೆ ಎಲ್ಲರಿಗೂ, ಹಿರಿಯರಿಗೂ. ನಿಖರ ತೂಕದ ಬ್ಯಾಲನ್ಸ್ ಮೇಲೆ 10 ಮೈಕ್ರೋಲೀಟರ್ ನೀರು ಹಾಕಿದರೆ 10 ಮಿಲಿಗ್ರಾಂ ತೋರಿಸಬೇಕು. ಹತ್ತು ಸಲ ಹಾಕಿಸಿ, ಏರಿಳಿತ ನೋಡಿ. ಬೀಡ್ಸ್ ಹಂತದಲ್ಲಿ (ಕಾಂತೀಯ ಪುಟ್ಟ ಮಣಿಗಳಿಂದ ಡಿಎನ್‌ಎ ಶುದ್ಧ ಮಾಡುವಾಗ) ಒಂದೆರಡು ಮೈಕ್ರೋಲೀಟರ್ ಆಚೀಚೆ ಆದರೆ ಬೇಕಾದ ತುಣುಕೇ ಹೋಗಿ ಬೇಡದ್ದು ಉಳಿದೀತು.

ಸ್ಯಾಂಪಲ್ ಆಯ್ಕೆಗೆ ಸಿಟಿ ಮೌಲ್ಯವೇ (ಪಿಸಿಆರ್‌ನ ಎಷ್ಟನೇ ಸೈಕಲ್‌ಗೆ ವೈರಾಣು ಪತ್ತೆಯಾಯಿತು ಎಂಬ ಸಂಖ್ಯೆಯೇ) ದಾರಿ. 30ಕ್ಕಿಂತ ಕಡಿಮೆ ಇದ್ದರೆ ಪೂರ್ತಿ ಜೀನೋಮ್ ಸಿಗುವ ಆಸೆ ಇಟ್ಟುಕೊಳ್ಳಬಹುದು. ಸುಮಾರು 3.3 ಸಿಟಿ ಹೆಚ್ಚಾದರೆ ವೈರಾಣು ಹತ್ತು ಪಟ್ಟು ಕಡಿಮೆ ಎಂಬ ಲೆಕ್ಕವನ್ನು ಬಾಯಿಪಾಠ ಮಾಡಿಸಿ. ‘ಸರ್, 36 ಸಿಟಿ ಇದೆ, ಆದರೂ ಹಾಕೋಣ, ಪೇಶೆಂಟ್ ಮುಖ್ಯವಾದವರು’ ಎಂಬ ಒತ್ತಡ ಬಂದೇ ಬರುತ್ತದೆ. ಹಾಕಬಹುದು, ಆದರೆ ತುಂಡು ತುಂಡು ಜೀನೋಮ್ ಬಂದಾಗ ಅದನ್ನು ತುಂಡು ಎಂದೇ ಹೇಳಬೇಕು. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದ ಆರ್‌ಎನ್‌ಎ ಪ್ರತಿ ಸಲವೂ ಹಾಳಾಗುತ್ತದೆ. ಮೊದಲೇ ಸಣ್ಣ ಟ್ಯೂಬ್‌ಗಳಿಗೆ ಹಂಚಿ ಮೈನಸ್ 80ರಲ್ಲಿಡುವ ಅಭ್ಯಾಸ ಮಾಡಿಸಿ.

ಆರ್ಟಿಕ್ (ವೈರಾಣು ಸೀಕ್ವೆನ್ಸಿಂಗ್‌ಗೆ ಪ್ರೈಮರ್ ರೂಪಿಸಿದ ವಿಜ್ಞಾನಿಗಳ ಜಾಲ) ಮಾದರಿಯ ಪ್ರೋಟೊಕಾಲ್‌ನಲ್ಲಿ ಜೀನೋಮನ್ನು ಸುಮಾರು 400 ಬೇಸ್‌ಗಳ, ಅಂಚು ಅಂಚು ಸೇರುವ ತುಣುಕುಗಳಾಗಿ ಎರಡು ಪೂಲ್‌ಗಳಲ್ಲಿ (ಬೇರೆ ಬೇರೆ ಟ್ಯೂಬಿನ ಪ್ರೈಮರ್ ಗುಂಪುಗಳಲ್ಲಿ) ವೃದ್ಧಿಸುತ್ತೇವೆ. ಎರಡು ಪೂಲ್ ಯಾಕೆ ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ: ಒಂದರ ಮೇಲೊಂದು ಹಾಯುವ ಪಕ್ಕದ ತುಣುಕುಗಳನ್ನು ಒಂದೇ ಟ್ಯೂಬ್‌ನಲ್ಲಿ ಮಾಡಿದರೆ ಪಕ್ಕಪಕ್ಕದ ಪ್ರೈಮರ್‌ಗಳು ಸೇರಿ ಅಡ್ಡ ಬರುವ ಚೂರನ್ನೇ ಹೆಚ್ಚಿಸಿಬಿಡುತ್ತವೆ. ಬೀಡ್ಸ್ ತೊಳೆಯುವ 80 ಶೇಕಡಾ ಎಥನಾಲ್ ಅಂದಂದಿಗೇ ಮಾಡಿದ್ದಿರಲಿ. ಬೀಡ್ಸ್ ಒಣಗಿಸುವಾಗ ಹೊಳಪು ಹೋದ ಕೂಡಲೇ ನಿಲ್ಲಿಸಿ, ಗದ್ದೆ ಬಿರಿದ ಹಾಗೆ ಬಿರುಕು ಬಿಡುವವರೆಗೆ ಬಿಟ್ಟರೆ ಡಿಎನ್‌ಎ ಬಿಡಿಸಿಕೊಳ್ಳುವುದಿಲ್ಲ. ಡಿಎನ್‌ಎ ಅಳತೆಗೆ ಕ್ಯೂಬಿಟ್ ಯಂತ್ರ. ನ್ಯಾನೊಡ್ರಾಪ್ ಎಂಬ ಇನ್ನೊಂದು ಯಂತ್ರ ಪ್ರೈಮರ್, ಆರ್‌ಎನ್‌ಎ ಎಲ್ಲವನ್ನೂ ಸೇರಿಸಿ ಎಣಿಸುತ್ತದೆ.

ನ್ಯಾನೊಪೋರ್ (ಡಿಎನ್‌ಎಯನ್ನು ಪುಟ್ಟ ರಂಧ್ರಗಳ ಮೂಲಕ ಹಾಯಿಸಿ ಓದುವ ತಂತ್ರ) ಬಳಸುವವರು ಫ್ಲೋ ಸೆಲ್ (ಆ ರಂಧ್ರಗಳಿರುವ ಚಿಪ್) ತುಂಬುವುದನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕು. ಮಿನಯಾನ್ ಎಂಬ ಪುಟ್ಟ ನ್ಯಾನೊಪೋರ್ ಯಂತ್ರದ ಫ್ಲೋ ಸೆಲ್‌ನ ಪ್ರೈಮಿಂಗ್ ಪೋರ್ಟ್ ತೆರೆದಾಗ ಮುಚ್ಚಳದ ಕೆಳಗೆ ಒಂದು ಪುಟ್ಟ ಗಾಳಿಗುಳ್ಳೆ ಇರುತ್ತದೆ. 1000 ಮೈಕ್ರೋಲೀಟರ್‌ನ ಪಿಪೆಟ್ಟನ್ನು 200ಕ್ಕೆ ಇಟ್ಟು, ಟಿಪ್ ಅನ್ನು ನೆಟ್ಟಗೆ ಊರಿ, ಗುಂಡಿ ಒತ್ತದೆ, ಮೇಲಿನ ಚಕ್ರವನ್ನು 220–230 ಬರುವವರೆಗೆ ನಿಧಾನ ತಿರುಗಿಸಿದರೆ ಆ ಗುಳ್ಳೆ ಮತ್ತು ಸ್ವಲ್ಪ ಹಳದಿ ಬಫರ್ ಮೇಲೆ ಬರುತ್ತವೆ. ಅಷ್ಟು ಸಾಕು. ಹೆಚ್ಚು ಎಳೆದರೆ ಪೊರೆಯ ಮೇಲಿನ ದ್ರವವೇ ಬಂದು ರಂಧ್ರಗಳು ಒಣಗಿ ಸಾಯುತ್ತವೆ. ಆ ಗುಳ್ಳೆಯನ್ನು ಒಳಕ್ಕೆ ತಳ್ಳಿದರೂ ಅಷ್ಟೇ. ಲೈಬ್ರರಿಯನ್ನು ಹನಿಹನಿಯಾಗಿ ಬಿಡಬೇಕು, ಒಂದು ಹನಿ ಇಳಿದ ಮೇಲೆ ಇನ್ನೊಂದು. ಬಳಸಿ ಮುಗಿದ ಫ್ಲೋ ಸೆಲ್‌ಗಳನ್ನು ಎಸೆಯದೆ ಇಟ್ಟುಕೊಂಡು ನೀರಿನಲ್ಲಿ ಇದನ್ನೇ ಮಾಡಿಸಿ. ಹೊಸದೊಂದರ ಬೆಲೆ ತಿಳಿಸಿ ಹೇಳಿದರೆ ಕೈ ನಡುಗುವುದೇ ಹೆಚ್ಚು, ಹೇಳದಿರುವುದು ಒಳ್ಳೆಯದು.

ಇಲ್ಯುಮಿನಾ (ಇನ್ನೊಂದು ಬಗೆಯ ಸೀಕ್ವೆನ್ಸರ್) ಒಳ್ಳೆಯದೋ ನ್ಯಾನೊಪೋರೋ ಎಂಬ ವಾದಕ್ಕೆ ತರಬೇತಿಯ ಸಮಯ ಹಾಳುಮಾಡಬೇಡಿ. ತಿಂಗಳಿಗೆ ನೂರಾರು ಸ್ಯಾಂಪಲ್ ಬರುವ ಕೇಂದ್ರಕ್ಕೆ ಮೊದಲನೆಯದು ಅಗ್ಗ. ವಾರಕ್ಕೆ ಹತ್ತಿಪ್ಪತ್ತು ಬರುವ ಜಿಲ್ಲಾ ಲ್ಯಾಬ್‌ಗೆ, ಉತ್ತರ ಬೇಗ ಬೇಕಾದಾಗ, ಎರಡನೆಯದು ಅನುಕೂಲ. 2015ರಲ್ಲಿ ಗಿನಿಯಲ್ಲಿ ಎಬೊಲಾ ಇರುವಾಗ ವಿಜ್ಞಾನಿಗಳು ಇಡೀ ಲ್ಯಾಬನ್ನೇ ವಿಮಾನದ ಲಗೇಜಿನಲ್ಲಿ ಒಯ್ದು, ಮಿನಯಾನ್‌ನಲ್ಲಿ 142 ಸ್ಯಾಂಪಲ್‌ಗಳನ್ನು ಸೀಕ್ವೆನ್ಸ್ ಮಾಡಿದ್ದರು. ಸ್ಯಾಂಪಲ್ ಕೈಗೆ ಬಂದ 24 ಗಂಟೆಯೊಳಗೆ ಉತ್ತರ ಕೊಡಲು ಸಾಧ್ಯವೆಂದು ತೋರಿಸಿದ ಕೆಲಸ ಅದು. ವಿದ್ಯುತ್ ಅಲ್ಲಿಯೂ ಕೈಕೊಡುತ್ತಿತ್ತು. ನಮ್ಮಲ್ಲಿಯೂ ಯುಪಿಎಸ್ ಇಲ್ಲದೆ ರಾತ್ರಿ ರನ್ ಹಾಕಬೇಡಿ.

ಹೆಜ್ಜೆ 5: ಕಂಪ್ಯೂಟರ್ ಮುಂದೆ

ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡುವುದೆಂದರೆ ಬೆಂಚಿನವರಿಗೆ ಹಿಂಜರಿಕೆ. ಅದಕ್ಕೇ ‘ಬಯೋಇನ್ಫರ್ಮ್ಯಾಟಿಕ್ಸ್ ಹುಡುಗ ನೋಡಿಕೊಳ್ಳುತ್ತಾನೆ’ ಎಂದು ಬಿಟ್ಟುಬಿಡುತ್ತಾರೆ. ಆ ಹುಡುಗನಿಗೆ ಸ್ಯಾಂಪಲ್ ಹೇಗೆ ಬಂತು ಗೊತ್ತಿಲ್ಲ, ಇವರಿಗೆ ಫೈಲ್ ಹೇಗೆ ಹೋಯಿತು ಗೊತ್ತಿಲ್ಲ. ತಪ್ಪುಗಳು ಅಡಗುವುದು ಈ ನಡುವಿನ ಜಾಗದಲ್ಲೇ. ಹಾಗಾಗಿ ಬೆಂಚಿನವರೆಲ್ಲರೂ ತಮ್ಮ ಸ್ಯಾಂಪಲ್‌ನ ದತ್ತಾಂಶವನ್ನು ಒಮ್ಮೆಯಾದರೂ ತಾವೇ ಕೊನೆಯವರೆಗೆ ಒಯ್ಯಲಿ.

ಬ್ರೌಸರ್‌ನಲ್ಲೇ ನಡೆಯುವ ಗ್ಯಾಲಕ್ಸಿ ಎಂಬ ವಿಶ್ಲೇಷಣಾ ತಾಣದಿಂದ ಶುರುಮಾಡಿ, ಕಮಾಂಡ್ ಲೈನ್ ಆಮೇಲೆ. ಓದಿದ ಅಕ್ಷರಗಳೂ ಅವುಗಳ ಗುಣಮಟ್ಟದ ಅಂಕಗಳೂ ಇರುವ ಫಾಸ್ಟ್‌ಕ್ಯೂ ಫೈಲ್ ತೆರೆದು ತೋರಿಸಿ. ಕ್ಯೂ20 ಎಂದರೆ ನೂರರಲ್ಲೊಂದು ತಪ್ಪು, ಕ್ಯೂ30 ಎಂದರೆ ಸಾವಿರದಲ್ಲೊಂದು. ರೆಫರೆನ್ಸ್‌ಗೆ (ಹೋಲಿಕೆಗೆ ಇಟ್ಟ ಜೀನೋಮ್‌ಗೆ) ಹೊಂದಿಸುವುದು, ಪ್ರೈಮರ್ ಭಾಗ ಕತ್ತರಿಸುವುದು, ರೂಪಾಂತರ ಗುರುತಿಸುವುದು, ಕನ್ಸೆನ್ಸಸ್ (ಎಲ್ಲ ರೀಡ್‌ಗಳು, ಅಂದರೆ ಯಂತ್ರದ ಓದುಗಳು, ಸೇರಿ ಒಪ್ಪಿದ ಜೀನೋಮ್) ಬರೆಯುವುದು, ಈ ಕ್ರಮವನ್ನು ಕಾಗದದ ಮೇಲೆ ಬಿಡಿಸಿ. ಸಿಕ್ಕ ಜೀನೋಮನ್ನು ತಳಿ ಗುರುತಿಸುವ ನೆಕ್ಸ್ಟ್‌ಕ್ಲೇಡ್‌ಗೆ ಹಾಕಿ ನೋಡಬಹುದು. ಅದು ನಿಮ್ಮ ಬ್ರೌಸರ್‌ನೊಳಗೇ ಲೆಕ್ಕ ಮಾಡುವುದರಿಂದ ದತ್ತಾಂಶ ಹೊರಗೆ ಹೋಗುವುದಿಲ್ಲ. ಕೊರೊನಾ ತಳಿಗೆ ಪ್ಯಾಂಗೊಲಿನ್ ಎಂಬ ತಂತ್ರಾಂಶ ಇದೆ.

ಇಲ್ಲಿ ಮನದಟ್ಟು ಮಾಡಬೇಕಾದದ್ದು ‘ಎನ್’ ಎಂಬ ಅಕ್ಷರ. ಒಂದು ಜಾಗವನ್ನು ಸಾಕಷ್ಟು ಸಲ ಓದಲು ಆಗಿಲ್ಲವಾದರೆ (20 ರೀಡ್‌ಗಿಂತ ಕಡಿಮೆ ಎಂಬುದು ಹಲವರು ಇಟ್ಟುಕೊಳ್ಳುವ ಮಿತಿ) ಅಲ್ಲಿ ಎನ್ ಬರೆಯಬೇಕು. ಅದರರ್ಥ ‘ಗೊತ್ತಿಲ್ಲ’. ಅಲ್ಲಿ ರೆಫರೆನ್ಸ್‌ನ ಅಕ್ಷರ ತುಂಬಿದರೆ ‘ಬದಲಾಗಿಲ್ಲ’ ಎಂದು ಸುಳ್ಳು ಹೇಳಿದಂತೆ. ಡೆಲ್ಟಾ ಕಾಲದ ಉದಾಹರಣೆ ತೆಗೆದುಕೊಳ್ಳಿ. ಅದರ ಒಂದು ರೂಪಾಂತರ ಆರ್ಟಿಕ್ ವಿ3 ಪ್ರೈಮರ್ ಕೂರುವ ಜಾಗದಲ್ಲೇ ಆದದ್ದರಿಂದ ಸ್ಪೈಕ್ (ವೈರಾಣುವಿನ ಮುಳ್ಳಿನ ಪ್ರೋಟೀನ್) ವಂಶವಾಹಿಯ ಭಾಗದಲ್ಲಿ ಬರುವ, ಜೀನೋಮಿನ 72ನೇ ತುಣುಕು ಸರಿಯಾಗಿ ವೃದ್ಧಿಯಾಗುತ್ತಿರಲಿಲ್ಲ. ಪರಿಣಾಮವಾಗಿ ಜಿ142ಡಿ ಎಂಬ ರೂಪಾಂತರ ಎಷ್ಟೋ ಡೆಲ್ಟಾ ಜೀನೋಮ್‌ಗಳಲ್ಲಿ ಇಲ್ಲವೇನೋ ಎಂಬಂತೆ ಕಾಣಿಸಿತು. 2021ರಲ್ಲಿ ವಿ4 ಪ್ರೈಮರ್, ಓಮೈಕ್ರಾನ್ ಬಂದ ಮೇಲೆ ವಿ4.1 ಬಿಡುಗಡೆಯಾದವು. ವೈರಾಣು ಬದಲಾದಂತೆ ಪ್ರೈಮರ್ ಬದಲಾಗುತ್ತದೆ, ಎಸ್‌ಒಪಿಯೂ ಬದಲಾಗಬೇಕು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಇನ್ನೊಂದು ಪಾಠ ಸೈಪ್ರಸ್‌ನದು. 2022ರ ಜನವರಿಯಲ್ಲಿ ಅಲ್ಲಿಂದ ಡೆಲ್ಟಾ ಮತ್ತು ಓಮೈಕ್ರಾನ್ ಎರಡರ ಗುರುತೂ ಇದ್ದ ಜೀನೋಮ್‌ಗಳ ಸುದ್ದಿ ಬಂತು, ಮಾಧ್ಯಮಗಳು ‘ಡೆಲ್ಟಾಕ್ರಾನ್’ ಎಂದು ಎರಡು ದಿನ ಕುಣಿದವು. ಓಮೈಕ್ರಾನ್‌ನ ಗುರುತುಗಳು ಸ್ಪೈಕ್‌ನ ಒಂದು ಸಣ್ಣ ಭಾಗದಲ್ಲಷ್ಟೇ ಗುಂಪಾಗಿದ್ದವು. ಹಲವು ತಜ್ಞರು ಇದು ಲ್ಯಾಬ್ ಮಾಲಿನ್ಯ ಎಂದರು, ಪ್ರಕಟಿಸಿದವರು ಒಪ್ಪಲಿಲ್ಲ. ಸ್ವಾರಸ್ಯವೆಂದರೆ ಕೆಲವೇ ವಾರಗಳಲ್ಲಿ ಬೇರೆಡೆ ನಿಜವಾದ ಡೆಲ್ಟಾ-ಓಮೈಕ್ರಾನ್ ಮಿಶ್ರತಳಿಯೇ ದೃಢಪಟ್ಟಿತು. ಎರಡನ್ನೂ ಪಕ್ಕಪಕ್ಕ ಇಟ್ಟು, ‘ನಿಮ್ಮ ಲ್ಯಾಬ್‌ನಲ್ಲಿ ಇಂಥದ್ದು ಬಂದರೆ ಮೊದಲ ಮೂರು ಕೆಲಸ ಯಾವುವು?’ ಎಂದು ಕೇಳಿ. ನನ್ನ ಉತ್ತರ: ಮೂಲ ಸ್ಯಾಂಪಲ್‌ನಿಂದ ಹೊಸದಾಗಿ ಆರ್‌ಎನ್‌ಎ ತೆಗೆದು ಮತ್ತೆ ಮಾಡುವುದು, ಆ ರನ್‌ನ ನೆಗೆಟಿವ್ ನೋಡುವುದು, ಸಾಧ್ಯವಾದರೆ ಬೇರೆ ಲ್ಯಾಬ್‌ಗೆ ಕಳಿಸುವುದು. ಪತ್ರಿಕಾ ಹೇಳಿಕೆ ಆ ಪಟ್ಟಿಯಲ್ಲಿ ಇಲ್ಲ.

ಅಭ್ಯಾಸಕ್ಕೆ ಬೇಕಂತಲೇ ಕೆಡಿಸಿದ ದತ್ತಾಂಶ ಕೊಡಿ. ಸಾರ್ವಜನಿಕವಾಗಿ ಸಿಗುವ ಎರಡು ಬೇರೆ ತಳಿಗಳ ರೀಡ್‌ಗಳನ್ನು 80:20ರಲ್ಲಿ ಬೆರೆಸಿ ಒಂದೇ ಸ್ಯಾಂಪಲ್ ಎಂದು ಕೊಡಿ. ಇನ್ನೊಂದರಲ್ಲಿ ಎರಡು ಲೇಬಲ್ ಅದಲುಬದಲು ಮಾಡಿ. ಮತ್ತೊಂದರಲ್ಲಿ ನೆಗೆಟಿವ್ ಕಂಟ್ರೋಲ್‌ಗೆ ಒಂದಷ್ಟು ರೀಡ್ ಸೇರಿಸಿ. ತಂತ್ರಾಂಶ ಇವೆಲ್ಲಕ್ಕೂ ಏನೋ ಒಂದು ತಳಿಯ ಹೆಸರು ಕೊಟ್ಟೇಕೊಡುತ್ತದೆ. ಐಜಿವಿ ಎಂಬ ವೀಕ್ಷಣಾ ತಂತ್ರಾಂಶದಲ್ಲಿ ರೀಡ್‌ಗಳನ್ನೇ ತೆರೆದು, ಒಂದೇ ಜಾಗದಲ್ಲಿ ಎರಡು ಬಣ್ಣ ಮಿಶ್ರವಾಗಿರುವುದನ್ನು ಗುರುತಿಸಿದವರು ಕಲಿತಿದ್ದಾರೆ ಎಂದರ್ಥ.

ಹೆಜ್ಜೆ 6: ಸ್ಯಾಂಪಲ್ ಜೊತೆ ಬರುವ ಚೀಟಿ

ಜೀನೋಮ್ ಎಷ್ಟೇ ಚೊಕ್ಕವಾಗಿರಲಿ, ಎಲ್ಲಿಯದು, ಯಾವಾಗಿನದು ಎಂದು ಗೊತ್ತಿಲ್ಲದಿದ್ದರೆ ಕಣ್ಗಾವಲಿಗೆ ಕೆಲಸಕ್ಕೆ ಬಾರದು. ಸ್ಯಾಂಪಲ್ ತೆಗೆದ ದಿನ, ಲ್ಯಾಬ್‌ಗೆ ಬಂದ ದಿನ, ಸೀಕ್ವೆನ್ಸ್ ಆದ ದಿನ ಮೂರೂ ಬೇರೆ. ನಮೂನೆಯಲ್ಲಿ ‘ದಿನಾಂಕ’ ಎಂದು ಒಂದೇ ಕಾಲಂ ಇದ್ದರೆ ಬರೆಯುವವರು ತಮಗೆ ತೋಚಿದ್ದನ್ನು ಬರೆಯುತ್ತಾರೆ. 03/04 ಎಂಬುದು ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಎಂದು ಎಕ್ಸೆಲ್ ತನ್ನಷ್ಟಕ್ಕೆ ತೀರ್ಮಾನಿಸಿಬಿಡುತ್ತದೆ. ತಿಂಗಳನ್ನು ಅಕ್ಷರದಲ್ಲಿ ಬರೆಯಿಸಿ.

ಊರಿನ ಹೆಸರಿನ ಗೋಳು ನಮ್ಮದೇ ವಿಶೇಷ. 2014ರ ನವೆಂಬರ್ 1ರಂದು ಹೆಸರುಗಳು ಅಧಿಕೃತವಾಗಿ ಬದಲಾದರೂ ಹಳೆಯ ನಮೂನೆಗಳಲ್ಲಿ ಶಿಮೊಗ್ಗ, ಬಳ್ಳಾರಿಯ ಹಳೇ ಸ್ಪೆಲ್ಲಿಂಗ್, ಗುಲ್ಬರ್ಗ ಹಾಗೆಯೇ ಉಳಿದಿವೆ. ಕಂಪ್ಯೂಟರ್‌ಗೆ ಶಿಮೊಗ್ಗ ಮತ್ತು ಶಿವಮೊಗ್ಗ ಎರಡು ಬೇರೆ ಜಿಲ್ಲೆಗಳು, ಗುಲ್ಬರ್ಗ ಮತ್ತು ಕಲಬುರಗಿಯೂ ಹಾಗೆಯೇ. ಗ್ರಾಫ್‌ನಲ್ಲಿ ಒಂದರಲ್ಲಿ ತಳಿ ಏರುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ. ಟೈಪ್ ಮಾಡಿಸದೆ ಪಟ್ಟಿಯಿಂದ ಆರಿಸುವಂತೆ ಮಾಡಿ, ಸರ್ಕಾರದ ಸ್ಥಳೀಯಾಡಳಿತ ಕೋಡ್ ಬಳಸಿ. ತರಬೇತಿಯ ಒಂದು ಮಧ್ಯಾಹ್ನ ಪೂರ್ತಿ ಇಂಥ ಹೊಲಸು ಎಕ್ಸೆಲ್ ಹಾಳೆಯೊಂದನ್ನು ಸ್ವಚ್ಛ ಮಾಡಿಸಿ. ಯಾರಿಗೂ ಇಷ್ಟವಾಗದ ಮಧ್ಯಾಹ್ನ ಅದು, ಬಿಡಬೇಡಿ.

ಯಾರ ಸ್ಯಾಂಪಲ್ ಬರುತ್ತಿದೆ ಎಂಬುದೂ ಇದರಲ್ಲೇ ಸೇರಿದ್ದು. ಜಿಲ್ಲಾಸ್ಪತ್ರೆಯ ಐಸಿಯುನಿಂದ ಮಾತ್ರ ಬಂದರೆ ಸಿಕ್ಕ ತಳಿಯೇ ‘ಹೆಚ್ಚು ಅಪಾಯಕಾರಿ’ ಎಂದು ಕಾಣುತ್ತದೆ. ತಾಲ್ಲೂಕು ಆಸ್ಪತ್ರೆಗಳಿಂದ ವಾರಕ್ಕೆ ಇಷ್ಟು ಎಂದು ಗೊತ್ತುಮಾಡಿ ತರಿಸುವುದು ಸರಿ. ಹೆಸರು, ಫೋನ್ ನಂಬರ್, ಮನೆ ವಿಳಾಸ ಸೀಕ್ವೆನ್ಸಿಂಗ್ ಕೋಣೆಗೆ ಬರಬಾರದು, ಕೋಡ್ ಮಾತ್ರ. ಗಿಸೈಡ್ ಎಂಬ ಅಂತರರಾಷ್ಟ್ರೀಯ ಜೀನೋಮ್ ಭಂಡಾರಕ್ಕೋ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರಕ್ಕೋ ಸಲ್ಲಿಸುವಾಗ ಯಾವ ಕಾಲಂ ಹೋಗಬೇಕು, ಯಾವುದು ಹೋಗಬಾರದು ಎಂದು ನೈತಿಕ ಸಮಿತಿಯಿಂದ ಮೊದಲೇ ಬರೆಸಿಕೊಳ್ಳಿ.

ಹೆಜ್ಜೆ 7: ಒಂದು ಪುಟದ ವರದಿ

96 ಬಾರ್‌ಕೋಡ್ ತುಂಬಲಿ ಎಂದು ಮೂರು ವಾರ ಕಾಯ್ದರೆ ಸ್ಯಾಂಪಲ್ ಒಂದಕ್ಕೆ ಖರ್ಚು ಇಳಿಯುತ್ತದೆ, ಉತ್ತರದ ಬೆಲೆಯೂ ಇಳಿಯುತ್ತದೆ. ತಿಂಗಳು ಕಳೆದು ಬಂದ ಜೀನೋಮ್ ಪ್ರಬಂಧಕ್ಕೆ ಆದೀತು, ಫಾಗಿಂಗ್ ಎಲ್ಲಿ ಮಾಡಬೇಕೆಂದು ಕೇಳುವವರಿಗೆ ಆಗುವುದಿಲ್ಲ. ಸ್ಯಾಂಪಲ್ ತೆಗೆದ ದಿನದಿಂದ ವರದಿಯವರೆಗಿನ ದಿನಗಳನ್ನು ಪ್ರತಿ ರನ್‌ಗೂ ಗೋಡೆಯ ಮೇಲೆ ಬರೆಯಿಸಿ.

ವರದಿ ಒಂದೇ ಪುಟ, ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ಅರ್ಥವಾಗುವ ಮಾತಿನಲ್ಲಿ. ಎಷ್ಟು ಸ್ಯಾಂಪಲ್ ಹಾಕಿದೆವು, ಎಷ್ಟು ಉತ್ತೀರ್ಣವಾದವು, ಏನು ಸಿಕ್ಕಿತು, ಇದರಿಂದ ಏನನ್ನು ಹೇಳಲಾಗದು. ಕೊನೆಯ ಸಾಲನ್ನು ಬಿಡಲು ಎಲ್ಲರಿಗೂ ಆಸೆ. ಪಿಸಿಆರ್‌ನ ಸುಳಿವನ್ನೇ ಸೀಕ್ವೆನ್ಸ್ ಎಂದು ವರದಿ ಮಾಡುವ ಆಸೆಯೂ ಇರುತ್ತದೆ. ಓಮೈಕ್ರಾನ್‌ನ ಉಪತಳಿ ಬಿಎ.1ರಲ್ಲಿ ಕೆಲವು ಕಿಟ್‌ಗಳ ಎಸ್ (ಸ್ಪೈಕ್) ಜೀನ್ ಸಿಗ್ನಲ್ ಬರುತ್ತಿರಲಿಲ್ಲ, ಅದನ್ನೇ ಗುರುತಾಗಿ ನಂಬಿದ್ದೆವು. ಸಾಮಾನ್ಯವಾಗಿ ಆ ಗುರುತೇ ಇರದ ಬಿಎ.2 ಬಂದಾಗ ನಂಬಿಕೆ ಕೈಕೊಟ್ಟಿತು.

ಟಿವಿ ವರದಿಗಾರರ ಫೋನ್ ಬಂದಾಗ ಏನು ಮಾಡಬೇಕು ಎಂಬುದನ್ನೂ ನಾಟಕ ಮಾಡಿಸಿ. ‘ಮೇಡಂ, ಹೊಸ ವೈರಸ್ ಸಿಕ್ಕಿದೆಯಂತೆ, ಹೌದಾ ಅಲ್ವಾ, ಅಷ್ಟು ಹೇಳಿ ಸಾಕು’ ಎಂಬ ಪ್ರಶ್ನೆಗೆ ಟೆಕ್ನಿಷಿಯನ್ ಹೇಳಬೇಕಾದ ಉತ್ತರ ಒಂದೇ: ಈ ಬಗ್ಗೆ ಮಾತಾಡುವ ಅಧಿಕಾರ ಇರುವವರ ಹೆಸರು ಹೇಳಿ ಫೋನ್ ಇಡುವುದು.

ಹೆಜ್ಜೆ 8: ಪರೀಕ್ಷೆ, ಆಮೇಲಿನ ಒಂದು ವರ್ಷ

ಕೊನೆಯಲ್ಲಿ ಬಹು ಆಯ್ಕೆಯ ಪ್ರಶ್ನೆಪತ್ರಿಕೆ ಬೇಡ. ಹೆಸರಿಲ್ಲದ ಎಂಟು ಟ್ಯೂಬ್ ಕೊಡಿ. ಅದರಲ್ಲಿ ಒಂದು ಬರೀ ನೀರು, ಎರಡು ಒಂದೇ ಸ್ಯಾಂಪಲ್‌ನ ಜೋಡಿ, ಒಂದು ಎರಡು ತಳಿಗಳ ಮಿಶ್ರಣ, ಒಂದು 36 ಸಿಟಿಯದು, ಮೂರು ಒಳ್ಳೆಯವು. ಆರ್‌ಎನ್‌ಎಯಿಂದ ಒಂದು ಪುಟದ ವರದಿಯವರೆಗೆ ಅವರೇ ಮಾಡಲಿ. ಎಂಟಕ್ಕೆ ಎಂಟೂ ಜೀನೋಮ್ ತಂದುಕೊಟ್ಟವರು ಫೇಲ್. ಜೋಡಿ ಒಂದೇ ಎಂದು ಗುರುತಿಸಿ, ನೀರನ್ನೂ ಮಿಶ್ರಣವನ್ನೂ ಪಕ್ಕಕ್ಕಿಟ್ಟು, ಆ 36ರದನ್ನು ‘ಅಪೂರ್ಣ’ ಎಂದು ಬರೆದವರು ಪಾಸ್.

ರೀಜೆಂಟ್ ವಿಚಾರದಲ್ಲಿ ಒಂದು ಮಾತು. ತರಬೇತಿಯ ದಿನಾಂಕ ಗೊತ್ತುಮಾಡಿ ಆಮೇಲೆ ಟೆಂಡರ್ ಕರೆಯಬೇಡಿ, ಕಿಟ್ ಕೈಗೆ ಬಂದ ಮೇಲೆ ದಿನಾಂಕ ಇಡಿ. ಮಿನಯಾನ್ ಫ್ಲೋ ಸೆಲ್‌ಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಟ್ಟರೂ ಖಾತರಿ ಸಿಗುವುದು ಸುಮಾರು ಮೂರು ತಿಂಗಳಿಗೆ ಮಾತ್ರ. ಬಂದ ದಿನವೇ ಪರಿಶೀಲಿಸಿ, 800ಕ್ಕಿಂತ ಕಡಿಮೆ ರಂಧ್ರಗಳು ಕೆಲಸ ಮಾಡುತ್ತಿದ್ದರೆ ಅವಧಿಯೊಳಗೇ ಬದಲಿ ಕೇಳಬಹುದು. ಒಂದು ವರ್ಷಕ್ಕೆ ಬೇಕಾದ್ದನ್ನು ಮಾರ್ಚ್ 31ರೊಳಗೆ ಒಟ್ಟಿಗೆ ಕೊಂಡು ಬಜೆಟ್ ಮುಗಿಸುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಖರೀದಿ ವಿಭಾಗದವರನ್ನು ಒಂದು ದಿನ ಲ್ಯಾಬ್‌ಗೆ ಕರೆದು ಅವಧಿ ಮುಗಿದ ಕಿಟ್‌ಗಳ ರಾಶಿ ತೋರಿಸಿದರೆ ಬೇಗ ಅರ್ಥವಾಗುತ್ತದೆ.

ಎರಡು ತಿಂಗಳು ರನ್ ಮಾಡದಿದ್ದರೆ ಕೈ ಮರೆಯುತ್ತದೆ. ಸ್ಯಾಂಪಲ್ ಇಲ್ಲದ ತಿಂಗಳಲ್ಲೂ ಹಳೆಯ ಆರ್‌ಎನ್‌ಎಯಲ್ಲಿ ಒಂದು ಸಣ್ಣ ರನ್ ಹಾಕಿಸಿ, ಮೂರು ತಿಂಗಳಿಗೊಮ್ಮೆ ಪಕ್ಕದ ಜಿಲ್ಲೆಯ ಲ್ಯಾಬ್ ಜೊತೆ ಹೆಸರಿಲ್ಲದ ಟ್ಯೂಬ್ ಬದಲಾಯಿಸಿಕೊಳ್ಳಿ. ಡೆಂಗಿಗೆ ಸಿದ್ಧತೆ ಮೇ ತಿಂಗಳಲ್ಲೇ ಆಗಬೇಕು: ಪ್ರೈಮರ್ ಪೂಲ್ ಹೊಸದಾಗಿ ಬೆರೆಸಿಡುವುದು, ನಾಲ್ಕು ಸೀರೋಟೈಪ್‌ಗಳ ಕಂಟ್ರೋಲ್ ಪರೀಕ್ಷಿಸುವುದು, ತಾಲ್ಲೂಕು ಆಸ್ಪತ್ರೆಗಳಿಗೆ ಹೊಸ ನಮೂನೆ ಕಳಿಸುವುದು, ಹೊಸದಾಗಿ ಸೇರಿದವರಿಗೆ ಟಾನಿಕ್ ವಾಟರ್ ಅಭ್ಯಾಸ. ಮಳೆ ಹಿಡಿದು ಜೂನ್ ಕೊನೆಗೆ ಸ್ಯಾಂಪಲ್ ಡಬ್ಬಿಗಳು ಬರಲು ಶುರುವಾದ ಮೇಲೆ ಇವಕ್ಕೆ ಯಾರಿಗೂ ಪುರುಸೊತ್ತು ಇರುವುದಿಲ್ಲ.